ಹಾರ್ಡ್ ಬ್ರಷ್‌ನಿಂದ ಹಲ್ಲು ಸವೆಯುತ್ತದಾ? ನೈಲಾನ್ ಎನಾಮೆಲ್ ಕೊರೆಯುವುದು ಹೇಗೆ?

ದಾವಣಗೆರೆ_ಮಿರ್ಚಿ

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರು ಯಾರಾದರೂ ಇದ್ದರೆ ಹೇಳಿ, ಅನುಭವ ಇದ್ದವರೂ ಹೇಳಿ.

ನನಗೆ 41 ವರ್ಷ. ಮೂರು ತಿಂಗಳಿಂದ ಎಡಗಡೆ ಮೇಲಿನ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲು ತಣ್ಣೀರು ತಾಗಿದರೆ ಸಾಕು, ಜುಮ್ ಅನ್ನುತ್ತವೆ. ಕನ್ನಡಿಯಲ್ಲಿ ನೋಡಿದರೆ ಒಸಡಿನ ಪಕ್ಕದಲ್ಲೇ, ಮರಕ್ಕೆ ಕೊಡಲಿ ಏಟು ಹಾಕಿದ ಹಾಗೆ ಕಚ್ಚು ಬಿದ್ದಿದೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಡಾಕ್ಟರು ನೋಡಿ ಹುಳುಕಲ್ಲ, ಸವೆತ ಅಂದರು. ಯಾವ ಬ್ರಷ್ ಅಂತ ಕೇಳಿದರು. ಹಾರ್ಡ್ ಅಂದೆ. ಸಾಫ್ಟ್ ತಗೊಳ್ಳಿ ಅಂತ ಹೇಳಿ ಮುಂದಿನವರನ್ನು ಕರೆದರು. ಅಷ್ಟೇ, ಎರಡು ನಿಮಿಷ.

ನನ್ನ ತಲೆಗೆ ಹೋಗದೇ ಇರುವುದು ಇದು. ಎನಾಮೆಲ್ ಅಂದರೆ ಹಲ್ಲಿನ ಮೇಲ್ಪದರ, ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ಮೂಳೆಗಿಂತ ಗಟ್ಟಿ ಅಂತ ಶಾಲೆಯಲ್ಲಿ ಓದಿದ್ದೇವೆ. ಬ್ರಷ್ಷಿನ ಎಳೆ ನೈಲಾನ್. ನೈಲಾನ್ ಹೋಗಿ ಎನಾಮೆಲ್ ಕೊರೆಯುತ್ತದಾ? ಬಾವಿಕಟ್ಟೆ ಕಲ್ಲನ್ನು ಹಗ್ಗ ಸವೆಸಿದ ಹಾಗಾ? ಅಂಗಡಿಗೆ ಹೋದರೆ ಸಾಫ್ಟ್, ಅಲ್ಟ್ರಾ ಸಾಫ್ಟ್, ಇದ್ದಿಲು ಸೇರಿಸಿದ್ದು, ಅಂಕುಡೊಂಕು ಎಳೆಯದ್ದು, ತುದಿ ಸೂಜಿ ಹಾಗಿರುವುದು, ಅಬ್ಬಬ್ಬಾ. ಯಾವುದು ನಿಜವಾಗಲೂ ವ್ಯತ್ಯಾಸ ಮಾಡುತ್ತದೆ, ಯಾವುದು ಸುಮ್ನೆ ಬಣ್ಣ?

ಅಡಿಕೆ_ತೋಟ

ಸಾಫ್ಟ್ ಬ್ರಷ್‌ನಲ್ಲಿ ಉಜ್ಜಿದರೆ ಉಜ್ಜಿದ ಹಾಗೇ ಅನ್ನಿಸುವುದಿಲ್ಲ ಮಾರಾಯ್ರೆ. ನಮ್ಮ ಅಜ್ಜ ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಸೇರಿಸಿ ಬೆರಳಲ್ಲೇ ಉಜ್ಜುತ್ತಿದ್ದರು. ಬ್ರಷ್ಷೂ ಇಲ್ಲ, ಪೇಸ್ಟೂ ಇಲ್ಲ, 80 ದಾಟಿದ ಮೇಲೂ ಕಬ್ಬು ಸಿಗಿದು ತಿಂದವರು. ಇವೆಲ್ಲ ಕಂಪನಿಯವರ ವ್ಯಾಪಾರ ಅಂತ ನನಗನ್ನಿಸುತ್ತದೆ.

ಹಲ್ಲಿನ_ಡಾಕ್ಟ್ರು

ಮಿರ್ಚಿಯವರೇ, ನಿಮ್ಮ ಬಾವಿಕಟ್ಟೆ ಉದಾಹರಣೆ ಚೆನ್ನಾಗಿದೆ, ಅದನ್ನೇ ಹಿಡಿದು ಹೇಳುತ್ತೇನೆ. ಬರೀ ಹಗ್ಗ ಕಲ್ಲನ್ನು ಸವೆಸುವುದು ಬಹಳ ನಿಧಾನ. ಆ ಹಗ್ಗಕ್ಕೆ ಮರಳು ಅಂಟಿಕೊಂಡಾಗ ಕೆಲಸ ಜೋರಾಗುತ್ತದೆ. ಬಾಯಲ್ಲಿ ಆ ಮರಳು ನಿಮ್ಮ ಪೇಸ್ಟ್. ಪೇಸ್ಟ್‌ನಲ್ಲಿ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್ ಥರದ ನುಣುಪು ಪುಡಿ ಇರುತ್ತದೆ, ಕಲೆ ತೆಗೆಯುವುದು ಅದೇ. ಲ್ಯಾಬ್‌ನಲ್ಲಿ ಮಿಷನ್‌ಗೆ ಬ್ರಷ್ ಕಟ್ಟಿ ಬರೀ ನೀರು ಹಾಕಿ ಸಾವಿರಾರು ಸಲ ಉಜ್ಜಿದರೂ ಎನಾಮೆಲ್‌ಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಪೇಸ್ಟ್ ಸೇರಿಸಿದರೆ ಸವೆತ ಕಾಣಿಸುತ್ತದೆ, ಅದೂ ಎನಾಮೆಲ್‌ಗಿಂತ ಅದರ ಕೆಳಗಿನ ಮೆತ್ತನೆ ಪದರ ಡೆಂಟಿನ್‌ನಲ್ಲಿ ಎಷ್ಟೋ ಜಾಸ್ತಿ.

ಎನಾಮೆಲ್‌ನಲ್ಲಿ ಸುಮಾರು 96 ಭಾಗ ಖನಿಜವೇ. ಆದರೆ ಅದು ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಅಗಿಯುವ ತುದಿಯಲ್ಲಿ ಎರಡು ಎರಡೂವರೆ ಮಿಲಿಮೀಟರ್ ಇದ್ದರೆ, ಒಸಡಿನ ಹತ್ತಿರ ಬರುತ್ತಾ ಬರುತ್ತಾ ಕಾಗದದ ಅಂಚಿನ ಹಾಗೆ ತೆಳುವಾಗಿ ಮುಗಿದುಹೋಗುತ್ತದೆ. ಒಸಡು ಸ್ವಲ್ಪ ಹಿಂದೆ ಸರಿದರೆ ಬೇರಿನ ಭಾಗ ಹೊರಗೆ ಬರುತ್ತದೆ, ಅಲ್ಲಿ ಎನಾಮೆಲ್ಲೇ ಇಲ್ಲ. ನಿಮ್ಮ ಕಚ್ಚು ಇರುವುದು ಅಲ್ಲೇ. ನೀವು ಬಲಗೈಯವರು, ಅಲ್ವಾ? ಬಲಗೈಯವರ ಜೋರೆಲ್ಲ ಮೊದಲು ಬೀಳುವುದು ಎಡಗಡೆ ಕೋರೆಹಲ್ಲಿನ ಆಸುಪಾಸು. ದವಡೆ ಅಲ್ಲೇ ತಿರುಗುವುದು, ಆ ಹಲ್ಲು ಮುಂದಕ್ಕೆ ಉಬ್ಬಿರುತ್ತದೆ.

ಹಾಗಾದರೆ ಬ್ರಷ್ ಯಾವುದಾದರೂ ಒಂದೇನಾ? ಇಲ್ಲ. ಆದರೆ ವಿಷಯ ಜನ ಅಂದುಕೊಂಡಷ್ಟು ಸರಳ ಅಲ್ಲ. ಸಾಫ್ಟ್ ಬ್ರಷ್‌ನಲ್ಲಿ ಎಳೆ ಸಣ್ಣ, ಒತ್ತೊತ್ತಾಗಿರುತ್ತವೆ, ಪೇಸ್ಟ್ ಹೆಚ್ಚು ಹಿಡಿದುಕೊಳ್ಳುತ್ತವೆ. ಬಾಗಿದಾಗ ತುದಿಯಷ್ಟೇ ಅಲ್ಲ, ಎಳೆಯ ಪಕ್ಕವೂ ಹಲ್ಲಿಗೆ ತಾಗುತ್ತದೆ. ಅದಕ್ಕೇ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಸಾಫ್ಟ್ ಬ್ರಷ್ ಡೆಂಟಿನ್ ಅನ್ನು ಹಾರ್ಡ್‌ಗಿಂತ ಜಾಸ್ತಿಯೇ ಸವೆಸಿದ್ದುಂಟು! ಆದರೂ ನಾವು ಸಾಫ್ಟ್ ಅನ್ನುವುದು ಒಸಡಿನ ಕಾರಣಕ್ಕೆ. ಹಾರ್ಡ್ ಎಳೆ ಒಸಡನ್ನು ಗೀರುತ್ತದೆ, ಒಸಡು ಹಿಂದೆ ಸರಿಯುತ್ತದೆ, ಬೇರು ಬಯಲಾಗುತ್ತದೆ, ಆಮೇಲೆ ಪೇಸ್ಟ್ ತನ್ನ ಕೆಲಸ ಶುರು ಮಾಡುತ್ತದೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿತ್ತು, ಎರಡು ನಿಮಿಷದಲ್ಲಿ ಆಗುವ ಮಾತಲ್ಲ ಇದು.

ಅಡಿಕೆಯವರೇ, ನಿಮ್ಮ ಅಜ್ಜನ ಹಲ್ಲು ಗಟ್ಟಿ ಇದ್ದದ್ದು ಸಂತೋಷ. ಆದರೆ ಭತ್ತದ ಉಮಿಯಲ್ಲಿ ಸಿಲಿಕಾ ಬಹಳ. ಇಟ್ಟಿಗೆ ಪುಡಿ, ಮರಳಲ್ಲಿ ಇರುವ ಕ್ವಾರ್ಟ್ಸ್‌ನ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10ರವರೆಗಿನ ಗಡಸುತನದ ಅಂಕ) 7, ಎನಾಮೆಲ್‌ದು 5ರ ಆಸುಪಾಸು. ಅಂಥ ಪುಡಿಗೆ ಬ್ರಷ್ಷೇ ಬೇಡ, ಬೆರಳು ಸಾಕು. ಹಳೇ ಪುಡಿ ಹಾಕಿ ಉಜ್ಜಿದವರ ಮುಂದಿನ ಹಲ್ಲು ಹಳದಿ ತಿರುಗಿ ನುಣ್ಣಗೆ ತಟ್ಟೆಯ ಹಾಗಾಗಿರುವುದನ್ನು ನಾನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ. ಹುಳುಕು ಇರುವುದಿಲ್ಲ, ಅದು ನಿಜ. ಸಕ್ಕರೆ ತಿನ್ನುತ್ತಿದ್ದದ್ದೂ ಕಡಿಮೆ ಅಲ್ವಾ.

ಲೇತ್_ಮಿಷನ್

ನಾನು ಡಾಕ್ಟರಲ್ಲ, ಪೀಣ್ಯದಲ್ಲಿ ವರ್ಕ್‌ಶಾಪ್. ಸವೆತ ಅಂದರೆ ನಮ್ಮ ದಿನದ ಕೆಲಸ, ಹಾಗಾಗಿ ಬಾಯಿ ಹಾಕುತ್ತಿದ್ದೇನೆ.

ಸಾಫ್ಟ್, ಹಾರ್ಡ್ ಅನ್ನುವುದು ಬೇರೆ ಬೇರೆ ವಸ್ತು ಅಲ್ಲ. ಎಲ್ಲವೂ ಹೆಚ್ಚಾಗಿ ಅದೇ ನೈಲಾನ್. ವ್ಯತ್ಯಾಸ ಇರುವುದು ಎಳೆಯ ದಪ್ಪದಲ್ಲಿ, ಉದ್ದದಲ್ಲಿ. ಒಂದು ಕಡ್ಡಿಯ ದಪ್ಪ ಎರಡು ಪಟ್ಟು ಮಾಡಿದರೆ ಅದು 16 ಪಟ್ಟು ಬಿಗಿಯಾಗುತ್ತದೆ, ಉದ್ದ ಅರ್ಧ ಮಾಡಿದರೆ 8 ಪಟ್ಟು. 0.15 ಮಿಲಿಮೀಟರ್ ಎಳೆಗೂ 0.2ರ ಎಳೆಗೂ ಕಣ್ಣಲ್ಲಿ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಆದರೆ ಎರಡನೆಯದು ಮೂರು ಪಟ್ಟು ಬಿಗಿ. ಅದಕ್ಕೇ ಒಬ್ಬರ ಸಾಫ್ಟ್ ಇನ್ನೊಬ್ಬರ ಮೀಡಿಯಂ ಥರ ಅನ್ನಿಸುವುದು.

ಎರಡನೇದು ತುದಿ. ಎಳೆ ಕತ್ತರಿಸಿದಾಗ ತುದಿ ಉಳಿಯ ಹಾಗೆ ಚೂಪಾಗಿರುತ್ತದೆ, ಅದನ್ನು ಉಜ್ಜಿ ಗುಂಡಗೆ ಮಾಡಬೇಕು. ಅಗ್ಗದ ಬ್ರಷ್‌ನಲ್ಲಿ ಈ ಕೆಲಸವನ್ನೇ ಬಿಟ್ಟಿರುತ್ತಾರೆ. ನಾನು ಒಮ್ಮೆ ಬೇಜಾರು ಕಳೆಯಲು ನಾಲ್ಕೈದು ಬ್ರಷ್ ತಂದು ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಒಂದರಲ್ಲಿ ಅರ್ಧಕ್ಕರ್ಧ ತುದಿ ಹರಿತ. ಹೆಂಡತಿ ಬೈದಳು, ಅದು ಬೇರೆ ಕಥೆ.

ಇನ್ನೊಂದು ತಮಾಷೆ ವಿಷಯ, ನೈಲಾನ್ ಬಂದ ಹೊಸತರಲ್ಲಿ ಅಮೆರಿಕದ ಡ್ಯುಪಾಂಟ್‌ನವರು 1938ರಲ್ಲಿ ಮೊದಲು ಮಾರಿದ್ದು ಹಲ್ಲುಜ್ಜುವ ಬ್ರಷ್ಷಿನ ಎಳೆಯನ್ನೇ, ಹೆಂಗಸರ ಕಾಲುಚೀಲ ಆಮೇಲೆ ಬಂತು. ಅದಕ್ಕೂ ಮುಂಚೆ ಹಂದಿ ಕೂದಲು.

ಮಿರ್ಚಿ, ಒಂದು ಕೆಲಸ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದರ ಮೇಲೆ ಬ್ರಷ್ ಇಟ್ಟು ದಿನಾ ಉಜ್ಜುವ ಹಾಗೆ ಒತ್ತಿ. ಎಷ್ಟು ಗ್ರಾಂ ತೋರಿಸುತ್ತದೆ ನೋಡಿ. 150ರಿಂದ 200 ಸಾಕು.

ದಾವಣಗೆರೆ_ಮಿರ್ಚಿ

ತಕ್ಕಡಿ ಹೊರಗೆ ತೆಗೆದೆ. 480! ಮನೆಯವಳು ಒತ್ತಿದರೆ 170. ಅವಳ ಹಲ್ಲಿಗೆ ಏನೂ ಆಗಿಲ್ಲ, ಬ್ರಷ್ ಆರು ತಿಂಗಳಾದರೂ ಹೊಸದರ ಹಾಗೇ ಇರುತ್ತದೆ. ನನ್ನದು ಮೂರೇ ವಾರಕ್ಕೆ ಕಾಗೆ ಗೂಡು. ಬಲಗೈಯವನು ಹೌದು ಡಾಕ್ಟ್ರೇ.

ಇನ್ನೊಂದು ವಿಷಯ ಹೇಳಲೇ ಇಲ್ಲ. ಎರಡು ವರ್ಷದಿಂದ ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಕುಡಿದು, ಆಮೇಲೆ ಹಲ್ಲುಜ್ಜುತ್ತೇನೆ. ಹೊಟ್ಟೆ ಕರಗಲಿ ಅಂತ. ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಹಲ್ಲಿನ_ಡಾಕ್ಟ್ರು

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು ನೀವು! ಹುಳಿಯ ಪಿಹೆಚ್ (ಅಂಕ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮೆಲ್ ಕರಗಲು ಶುರುವಾಗುತ್ತದೆ, ನಿಂಬೆರಸದ್ದು 2ರ ಹತ್ತಿರ. ನೀರು ಬೆರೆಸಿದರೂ ಅಷ್ಟೇನೂ ಏರುವುದಿಲ್ಲ. ಕುಡಿದ ತಕ್ಷಣ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಆಗ ನೀವು 480 ಗ್ರಾಂ ಭಾರ ಹಾಕಿ ಹಾರ್ಡ್ ಬ್ರಷ್, ಪೇಸ್ಟ್ ಎರಡನ್ನೂ ಆಡಿಸುತ್ತಿದ್ದೀರಿ. ನೆನೆದ ಗೋಡೆಗೆ ಗರಗಸ ಇಟ್ಟ ಹಾಗೆ. ಮೊದಲು ಹಲ್ಲುಜ್ಜಿ, ನಿಂಬೆ ಆಮೇಲೆ ಕುಡಿಯಿರಿ, ಕುಡಿದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಹುಳಿ ಏನೇ ತಿಂದರೂ ಒಂದು ಗಂಟೆ ಬಿಟ್ಟು ಬ್ರಷ್. ಜೊಲ್ಲು ಅಷ್ಟರಲ್ಲಿ ಖನಿಜವನ್ನು ಸ್ವಲ್ಪ ವಾಪಸ್ ತುಂಬುತ್ತದೆ. ಹೋದ ಎನಾಮೆಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಮುಗಿದುಹೋಗಿರುತ್ತವೆ.

ಬ್ರಷ್: ಚಿಕ್ಕ ತಲೆ, ಗುಂಡಗಿನ ತುದಿಯ ಸಾಫ್ಟ್. ಇದ್ದಿಲು, ಅಂಕುಡೊಂಕು, ಬಣ್ಣದ ಎಳೆ, ಇವಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಒತ್ತಡ ಜಾಸ್ತಿಯಾದರೆ ದೀಪ ಹತ್ತುವ ಎಲೆಕ್ಟ್ರಿಕ್ ಬ್ರಷ್ ಇದೆ, ನಿಮ್ಮಂಥವರಿಗೇ ಮಾಡಿದ್ದು. ಹಿಡಿಕೆಯನ್ನು ಮುಷ್ಟಿಯಲ್ಲಿ ಅಲ್ಲ, ಪೆನ್ನಿನ ಹಾಗೆ ಹಿಡಿಯಿರಿ, ಒತ್ತಡ ತಾನೇ ಇಳಿಯುತ್ತದೆ. ಒಸಡಿನ ಕಡೆ ಓರೆ ಮಾಡಿ ಸಣ್ಣಗೆ ಅಲುಗಾಡಿಸಿ, ಗರಗಸ ಬೇಡ. ಹಲ್ಲು ಬೆಳ್ಳಗೆ ಮಾಡುತ್ತೇವೆ ಅನ್ನುವ ಪೇಸ್ಟ್‌ಗಳಲ್ಲಿ ಹಲವು ಹೆಚ್ಚು ಉಜ್ಜುವ ಜಾತಿಯವು, ಸದ್ಯಕ್ಕೆ ಬಿಡಿ. ಜುಮ್ ಅನ್ನುವುದಕ್ಕೇ ಬರುವ ಪೇಸ್ಟ್ ಹಾಕಿ. ಕಚ್ಚು ಆಳ ಇದ್ದರೆ ಫಿಲ್ಲಿಂಗ್ ಮಾಡಿಸಿ, ನೋವಿನ ಕೆಲಸ ಏನಲ್ಲ.

ಅಡಿಕೆ_ತೋಟ

ನಾನೂ ಅಡಿಕೆ ತೂಗುವ ಸಣ್ಣ ತಕ್ಕಡಿ ಮೇಲೆ ಬ್ರಷ್ ಒತ್ತಿ ನೋಡಿದೆ. ಎಷ್ಟು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ನಾಳೆ ಪೇಟೆಗೆ ಹೋದಾಗ ಒಂದು ಸಾಫ್ಟ್ ತರುತ್ತೇನೆ.