ಹಳೇ ಜೀಪಿನ ಮೀಟರ್ ಬೋರ್ಡಿಗೆ ಎಲ್‌ಇಡಿ: ಹಾಕ್ಲಾ, ಬೇಡ್ವಾ?

ಆಲ್ದೂರು 540
ಅಪ್ಪನ ಕಾಲದ ಮಹೀಂದ್ರ ಎಂಎಂ 540 ಡಿಪಿ ಜೀಪು, ಪ್ಯೂಜೋ ಡೀಸೆಲ್ ಇಂಜಿನ್ನಿಂದು, 1994ರದ್ದು. ರಾತ್ರಿ ಹೊತ್ತು ಮೀಟರ್ ಬೋರ್ಡ್ ಕಾಣೋದೇ ಇಲ್ಲ. ಹೋದ ವಾರ ಬೆಳ್ತಂಗಡಿಯಿಂದ ವಾಪಸ್ ಬರುವಾಗ ಚಾರ್ಮಾಡಿಯಲ್ಲಿ ಇಬ್ಬನಿ ಕವಿದಿತ್ತು. ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ನೋಡ್ಲಿಕ್ಕೆ ಭಾವ ಪಕ್ಕದಲ್ಲಿ ಕೂತು ಮೊಬೈಲ್ ಟಾರ್ಚ್ ಹಿಡೀಬೇಕಾಯ್ತು. ಒಳಗಿರೋದು ಒತ್ತಿ ತಿರುಗಿಸೋ ಪಿನ್ ಬಲ್ಬು. ಅದೇ ಸೈಜಿನ ಎಲ್‌ಇಡಿ ಜೋಡಿಗೆ 60 ರೂಪಾಯಿಗೆ ಸಿಕ್ತದೆ. ಹಾಕಿದ್ರೆ ತೊಂದರೆ ಏನಾದ್ರೂ ಇದ್ಯಾ? ಹಾಕಿಸಿಕೊಂಡವರು ಹೇಳಿ.

ಕೊಟ್ಟಿಗೆಹಾರ ಕ್ರಾಸ್
"ಇಬ್ಬನಿ ಕವಿದಿತ್ತು" ಅಂದ್ರೆ ಎಂತದು ಮಾರಾಯ್ರೆ? ಇಬ್ಬನಿ ಹುಲ್ಲಿನ ಮೇಲೆ ಕೂರೋದು. ರಸ್ತೆಗೆ ಕವಿಯೋದು ಮಂಜು.

ಹಾಸನ ವೈರಿಂಗ್
ಹಾಕ್ಬೋದು ಕಣಣ್ಣ. ಆದ್ರೆ ಬೋರ್ಡಲ್ಲಿರೋ ಬಲ್ಬೆಲ್ಲಾ ಒಂದೇ ಜಾತಿ ಅಂದ್ಕೋಬೇಡಿ. ಮುಳ್ಳಿನ ಮೇಲೆ ಬೆಳಕು ಬೀಳ್ಸೋ ಬಲ್ಬಿಗೆ ಯಾವ ಎಲ್‌ಇಡಿ ಹಾಕಿದ್ರೂ ನಡೆಯುತ್ತೆ. ಚಾರ್ಜಿಂಗ್ ಲೈಟ್ ಮಾತ್ರ ಮುಟ್ಟಬೇಡಿ. ಕೀ ಆನ್ ಮಾಡಿದಾಗ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡೋ ಯಂತ್ರ) ಒಳಗೆ ತಿರುಗೋ ರೋಟರಿಗೆ ಮೊದಲ ಕರೆಂಟ್ ಹೋಗೋದು. ಅಲ್ಲಿ ಎಲ್‌ಇಡಿ ಕೂರಿಸಿದ್ರೆ ಕರೆಂಟ್ ಸಾಲಲ್ಲ, ಆಲ್ಟರ್ನೇಟರ್ ಏಳಲ್ಲ, ಬ್ಯಾಟರಿ ಕೂತ್ಕೊಳ್ಳುತ್ತೆ. 22 ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ.

ತೋಟದಮನೆ
"ಚಾರ್ಜಿಂಗ್ ಲೈಟ್ ಮಾತ್ರ ಮುಟ್ಟಬೇಡಿ." ನಗು ಬಂತು. ನಮ್ಮ ಹಳೇ ಸಿಜೆ 3ಬಿ ಜೀಪಲ್ಲಿ ಚಾರ್ಜಿಂಗ್ ಲೈಟೇ ಇಲ್ಲ ಸ್ವಾಮಿ, ಆಂಪ್ ಮೀಟರ್ ಇದೆ. ಬಲ್ಬಿಲ್ಲದೆ ಚಾರ್ಜ್ ಆಗಲ್ಲ ಅನ್ನೋದಾದ್ರೆ ಇಷ್ಟು ವರ್ಷ ಅದು ಕಾಫಿ ಮೂಟೆ ಹೊತ್ತಿದ್ದು ಹೇಗೆ?

ಪದ್ಮಿನಿ ಪ್ರಿಯ
ಎಲ್‌ಇಡಿ ಹಾಕೋದೇ ಬೇಡ. ಹಳೇ ಗಾಡಿಯ ಅಂದ ಇರೋದೇ ಆ ಮಂದ ಬೆಳಕಿನಲ್ಲಿ. ಬಲ್ಬಿನ ಮೇಲೆ ಹಸಿರು ಟೋಪಿ, ಒಳಗೆ ಹಳದಿ ಬೆಳಕು. ಬಿಳಿ ಎಲ್‌ಇಡಿ ಹಾಕಿದ್ರೆ ಮೊಬೈಲ್ ಅಂಗಡಿ ಶೋಕೇಸ್ ಥರ ಕಾಣುತ್ತೆ. ನೀಲಿ ಹಾಕ್ದೋರ ಕಥೆಯಂತೂ ಬೇಡ, ಕೆಂಪು ಮುಳ್ಳು ಕಪ್ಪಾಗಿ ಹೋಗುತ್ತೆ. ನನ್ನ ಸ್ನೇಹಿತನ ಗಾಡೀಲಿ ನೋಡಿದೀನಿ, ಸ್ಪೀಡೋಮೀಟರಲ್ಲಿ ಮುಳ್ಳೇ ಇಲ್ಲದ ಹಾಗೆ.

ಆಲ್ದೂರು 540
ನೀಲಿ ಬೇಡ, ಗೊತ್ತಾಯ್ತು. ಚಾರ್ಜಿಂಗ್ ಲೈಟ್ ಬಗ್ಗೆ ನಾನು ಕೇಳೇ ಇಲ್ಲ. ಮುಳ್ಳು ಕಂಡ್ರೆ ಸಾಕು.

ಹಾಸನ ವೈರಿಂಗ್
@ತೋಟದಮನೆ "ಆಂಪ್ ಮೀಟರ್ ಇದೆ" ಅಂತ ನೀವೇ ಹೇಳಿದ್ರಿ. ಅದು ಡೈನಮೋ, ಅಂದ್ರೆ ಹಳೇ ಥರದ ಚಾರ್ಜಿಂಗ್ ಯಂತ್ರ ಇರೋ ಗಾಡಿ ಇರ್ಬೇಕು. ಇವ್ರದ್ದು ಆಲ್ಟರ್ನೇಟರ್. ಎತ್ತಿನ ಗಾಡಿ ತೋರ್ಸಿ ಬಸ್ಸಿನ ಬ್ರೇಕ್ ಬಗ್ಗೆ ಮಾತಾಡ್ಬೇಡಿ ಸಾರ್.

ತೋಟದಮನೆ
"ಎತ್ತಿನ ಗಾಡಿ" ಅಂದ್ರಾ? ಆ ಎತ್ತಿನ ಗಾಡಿ ಮಳೆಗಾಲದಲ್ಲಿ ಹತ್ತೋ ಜಾಗಕ್ಕೆ ನಿಮ್ಮ ಹಾಸನದ ಬೈಪಾಸ್ ಗಾಡಿಗಳು ಬಂದ್ರೆ ನಾವೇ ಹಗ್ಗ ಕಟ್ಟಿ ಎಳೀಬೇಕು.

ಇಸಿ ಹುಡುಗ
ಇಬ್ಬರೂ ಅರ್ಧ ಸರಿ. ಡೈನಮೋದ ಕಬ್ಬಿಣದಲ್ಲಿ ಉಳಿದಿರೋ ಅಯಸ್ಕಾಂತ ಗುಣವೇ ಶುರು ಮಾಡೋಕೆ ಸಾಕು, ಬಲ್ಬ್ ಬೇಡ. ಆಲ್ಟರ್ನೇಟರಲ್ಲಿ ಆ ಗುಣ ಕಡಿಮೆ, ಅದಕ್ಕೇ ಬಲ್ಬಿನ ಕರೆಂಟ್ ಬೇಕು. ಲೆಕ್ಕ: 12 ವೋಲ್ಟಿಗೆ 2 ವ್ಯಾಟ್ ಬಲ್ಬು ಸುಮಾರು 170 ಮಿಲಿ ಆಂಪ್ ಬಿಡುತ್ತೆ. ಸಾದಾ ಎಲ್‌ಇಡಿ 20 ಬಿಟ್ರೆ ಹೆಚ್ಚು. ಎಲ್‌ಇಡಿಯ ಎರಡು ತುದಿಗೂ ಸೇರೋ ಹಾಗೆ 68 ಓಮ್, 5 ವ್ಯಾಟಿನ ರೆಸಿಸ್ಟರ್ ಒಂದು ಹಾಕಿ. ಸಮಸ್ಯೆ ಮುಗೀತು.

ಹಾಸನ ವೈರಿಂಗ್
"ಸಮಸ್ಯೆ ಮುಗೀತು" ಅಂತೆ. ಅಲ್ಲಪ್ಪ ತಮ್ಮ, ಆ ರೆಸಿಸ್ಟರ್ ಎರಡು ವ್ಯಾಟ್ ಬಿಸಿ ಡ್ಯಾಶ್‌ಬೋರ್ಡ್ ಹಿಂದೆ ಕೂತು ಬಿಡುತ್ತೆ. ಹತ್ತು ರೂಪಾಯಿ ಬಲ್ಬು ಅದೇ ಬಿಸಿ ಬಿಟ್ಟು, ಅದೇ ಕರೆಂಟ್ ಕೊಟ್ಟು, ಜೊತೆಗೆ ಉರಿದೂ ತೋರಿಸ್ತಿತ್ತಲ್ಲ? ಉಳಿಸಿದ್ದೇನು?

ಇಸಿ ಹುಡುಗ
ಬಲ್ಬ್ ಸುಟ್ಟೋದ್ರೆ? ರೆಸಿಸ್ಟರ್ ಇದ್ರೆ ಚಾರ್ಜಿಂಗ್ ನಿಲ್ಲಲ್ಲ. ಹೊಸ ಗಾಡಿಗಳಲ್ಲಿ ಬೋರ್ಡ್ ಒಳಗೇ ಹೀಗೆ ರೆಸಿಸ್ಟರ್ ಇಡ್ತಾರೆ ಅಣ್ಣ. ನೀವು ನೋಡಿರ್ತೀರ, ಗಮನಿಸಿರಲ್ಲ ಅಷ್ಟೆ.

ಹಾಸನ ವೈರಿಂಗ್
"ಗಮನಿಸಿರಲ್ಲ"?? ನೀನು ಹುಟ್ಟೋ ಮುಂಚೆ ನಾನು ಆರ್ಮೇಚರ್ ಕಟ್ತಿದ್ದೆ.

ಕೊಟ್ಟಿಗೆಹಾರ ಕ್ರಾಸ್
22 ವರ್ಷ ಅಂದ್ರಲ್ಲ. ಹುಡುಗನಿಗೆ 21 ಇರಬಹುದು, ಲೆಕ್ಕ ಸರಿಹೋಗ್ತದೆ. ಮುಂದುವರಿಸಿ.

ತೋಟದಮನೆ
"ಬಲ್ಬ್ ಸುಟ್ಟೋದ್ರೆ?" ಅಂತ ಆ ಹುಡುಗ ಕೇಳಿದ್ದಕ್ಕೆ ಉತ್ತರ ನನ್ನ ಹತ್ರ ಇದೆ. ಮನೇಲಿ ಇನ್ನೊಂದು ಗಾಡಿ ಇದೆ, ಆಲ್ಟರ್ನೇಟರಿನದ್ದೇ. ಅದರ ಚಾರ್ಜಿಂಗ್ ಬಲ್ಬು ಸುಟ್ಟು ಎರಡು ಮಳೆಗಾಲ ಕಳೀತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದ್ಸಲ ಜೋರಾಗಿ ರೇಸ್ ಕೊಡ್ತೀವಿ, ಇಡೀ ದಿನ ಚಾರ್ಜ್ ಆಗ್ತದೆ. ಈಗ ಹೇಳಿ ಮೆಕ್ಯಾನಿಕ್ ಸಾಹೇಬ್ರೇ.

ಹಾಸನ ವೈರಿಂಗ್
ಮೆಕ್ಯಾನಿಕ್ ಅಲ್ಲ, ಎಲೆಕ್ಟ್ರಿಷಿಯನ್. ಆಮೇಲೆ, "ಜೋರಾಗಿ ರೇಸ್ ಕೊಡ್ತೀವಿ" ಅಂದ್ರಲ್ಲ, ಅದೇ ನಾನು ಹೇಳಿದ್ದು. ಬಲ್ಬ್ ಇದ್ರೆ ರೇಸ್ ಕೊಡೋ ಅಗತ್ಯವೇ ಇಲ್ಲ. ಸಕಲೇಶಪುರದ ಕಡೆಯೋರು ಒಬ್ಬರು ಇಡೀ ಬೋರ್ಡ್ ಎಲ್‌ಇಡಿ ಮಾಡ್ಸಿಕೊಂಡ್ರು. ವಾರಕ್ಕೊಂದ್ಸಲ ಬ್ಯಾಟರಿ ಖಾಲಿ. ಯಾರೋ ಆಲ್ಟರ್ನೇಟರ್ ಬದಲಾಯ್ಸಿದ್ರು, ಇನ್ಯಾರೋ ಬ್ಯಾಟರಿ. ನನ್ನ ಹತ್ರ ಬಂದಾಗ ಎಲ್‌ಇಡಿ ಕಿತ್ತು ಹಳೇ ಬಲ್ಬ್ ಹಾಕ್ದೆ. ಕೀ ತಿರುಗ್ಸಿದ್ರೆ ಲೈಟ್ ಹತ್ತಿತು, ಸ್ಟಾರ್ಟ್ ಮಾಡಿದ್ರೆ ಆರಿತು. ಎರಡೂ ಕಡೆ ವೋಲ್ಟೇಜ್ ಸಮ ಆದ್ರೇ ಆ ಲೈಟ್ ಆರೋದು. ನಾನು ತಗೊಂಡಿದ್ದು 50 ರೂಪಾಯಿ. ಅವರು ಅದಕ್ಕೂ ಮೊದಲು ಕಳ್ಕೊಂಡಿದ್ದು ಎಷ್ಟು ಅಂತ ನಾನು ಕೇಳ್ಲಿಲ್ಲ.

ಪದ್ಮಿನಿ ಪ್ರಿಯ
ನೋಡಿದ್ರಾ, ಎಲ್‌ಇಡಿ ಹಾಕಿದ್ದಕ್ಕೆ ಬ್ಯಾಟರಿ ಹೋಯ್ತು. ನಾನು ಹೇಳಿದ್ದೂ ಅದನ್ನೇ.

ಇಸಿ ಹುಡುಗ
ನೀವು ಹೇಳಿದ್ದು ಮೊಬೈಲ್ ಅಂಗಡಿ ಶೋಕೇಸ್ ಅಂತ ಸಾರ್.

ಪದ್ಮಿನಿ ಪ್ರಿಯ
ಶೋಕೇಸ್ ಮಾತಿಗೂ ಅರ್ಥ ಇದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು. ಆ ಬಿಳಿ ಬೆಳಕು ಒಂದೇ ಕ್ಷಣದಲ್ಲಿ ಅದನ್ನ ಹಾಳು ಮಾಡುತ್ತೆ. ಅದ್ರಲ್ಲೂ ಮಂಜು ಇದ್ದಾಗ ಬೋರ್ಡಿನ ಬೆಳಕು ಮುಂದಿನ ಗಾಜಿನಲ್ಲಿ ಕಾಣಿಸಿಕೊಂಡ್ರೆ ಎದುರಿಗೆ ಬರೋ ಬಸ್ಸು ಕಾಣುತ್ತೋ ನಿಮ್ಮ ಫ್ಯೂಯಲ್ ಮೀಟರ್ ಕಾಣುತ್ತೋ? ಡಿಮ್ಮರ್ ತಿರುಗ್ಸಿ ಕಡಿಮೆ ಮಾಡೋಣ ಅಂದ್ರೆ ಹಳೇ ತಂತಿ ಸುತ್ತಿದ ಡಿಮ್ಮರಿಗೆ ಎಲ್‌ಇಡಿ ಮಣಿಯೋದೇ ಇಲ್ಲ. ಎಳೆಯೋ ಕರೆಂಟೇ ಇಷ್ಟು, ಡಿಮ್ಮರ್ ತಡೆಯೋದಾದ್ರೂ ಏನನ್ನ?

ಆಲ್ದೂರು 540
ಇದು ಉಪಯೋಗಕ್ಕೆ ಬರೋ ಮಾತು ಸಾರ್. ಹಾಗಾದ್ರೆ ಬಿಳಿಯಲ್ಲೇ ಸ್ವಲ್ಪ ಹಳದಿ ಛಾಯೆಯದ್ದು ಸಿಕ್ಕಿದ್ರೆ ಆಗ್ತದಾ? ಮತ್ತೆ ಪಿನ್ ಬಲ್ಬಿಗೆ ಪ್ಲಸ್ ಮೈನಸ್ ನೋಡ್ಬೇಕಾ?

ತೋಟದಮನೆ
ಮಂಜಿನ ವಿಷಯ ಪದ್ಮಿನಿ ಕಾರಿನವರಿಂದ ಕಲೀಬೇಕಾಯ್ತಲ್ಲಪ್ಪ. ಅಣ್ಣಪ್ಪಸ್ವಾಮಿ ಗುಡಿ ಹತ್ರ ಮಂಜು ಬಂದ್ರೆ ಬೋರ್ಡ್ ಲೈಟ್ ಯಾಕೆ, ಹೆಡ್‌ಲೈಟೂ ಉಪಯೋಗ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಿಳಿ ಗೆರೆ ನೋಡ್ಕೊಂಡು ಬರ್ಬೇಕು. ಬರ್ತಿದ್ದೆ ನಾನು.

ಕೊಟ್ಟಿಗೆಹಾರ ಕ್ರಾಸ್
ಎಲ್ಲರೂ ಈಗ ಮಂಜು ಅಂತಲೇ ಬರೀತಿದ್ದಾರೆ. ಸಂತೋಷ.

ಹಾಸನ ವೈರಿಂಗ್
@ಆಲ್ದೂರು ಪಿನ್ ಬಲ್ಬಲ್ಲಿ ತಳದ ಚುಕ್ಕಿ ಪ್ಲಸ್, ಮೈ ಅರ್ಥ್, ಅಂದ್ರೆ ಮೈನಸ್. ತಿರುಗ್ಸಿ ಹಾಕೋಕೇ ಬರಲ್ಲ, ಅದಕ್ಕೆ ತಲೆನೋವಿಲ್ಲ. ಲೋಹದ ತಳ ಇಲ್ಲದ ಕ್ಯಾಪ್‌ಲೆಸ್ ಆದ್ರೆ ಹತ್ತದಿದ್ದಾಗ ಕಿತ್ತು ಮಗ್ಗುಲು ಬದಲಾಯ್ಸಿ. ಎಡಕ್ಕೂ ಬಲಕ್ಕೂ ಸೇರಿ ಒಂದೇ ಇಂಡಿಕೇಟರ್ ಲೈಟ್ ಇರೋ ಗಾಡಿಯಾದ್ರೆ ಅದಕ್ಕೂ ಎಲ್‌ಇಡಿ ಬೇಡ. ಆ ಬಲ್ಬು ಎಡದ ಮತ್ತೆ ಬಲದ ವೈರ್ ಮಧ್ಯೆ ಕೂತಿರುತ್ತೆ, ಕರೆಂಟ್ ಒಂದ್ಸಲ ಈ ಕಡೆಯಿಂದ, ಒಂದ್ಸಲ ಆ ಕಡೆಯಿಂದ. ಎಲ್‌ಇಡಿ ಒಂದು ಕಡೆಗೆ ಮಾತ್ರ ಮಿನುಗುತ್ತೆ.

@ತೋಟದಮನೆ ತಲೆ ಹೊರಗೆ ಹಾಕಿ ಓಡಿಸೋರಿಗೆ ಮೀಟರ್ ಬೋರ್ಡೇ ಬೇಡ, ನಿಜ. ಆದ್ರೆ ರೇಸ್ ಕೊಟ್ಟು ಚಾರ್ಜ್ ಮಾಡ್ಸೋದು ಸರಿ ಅಂತ ಹುಡುಗರಿಗೆ ಹೇಳ್ಕೊಡ್ಬೇಡಿ. ಒಂದಿನ ರೇಸ್ ಕೊಡೋದು ಮರೆತ್ರೆ?

ತೋಟದಮನೆ
"ಮರೆತ್ರೆ?" ಮರೆತ್ರೆ ಏನು, ಡೀಸೆಲ್ ಗಾಡಿ ರೀ. ಒಮ್ಮೆ ಸ್ಟಾರ್ಟ್ ಆದ್ಮೇಲೆ ಬ್ಯಾಟರಿಯೇ ಬೇಡ. ಇಳಿಜಾರಲ್ಲಿ ನಿಲ್ಸಿ ಮಲಗೋದು, ಬೆಳಿಗ್ಗೆ ಗೇರ್ ಹಾಕಿ ಬಿಡೋದು.

ಹಾಸನ ವೈರಿಂಗ್
ಅದೇ ಅಪಾಯ ಇರೋದು! ಪೆಟ್ರೋಲ್ ಗಾಡಿಯಾದ್ರೆ ಚಾರ್ಜ್ ನಿಂತ್ರೆ ಕೆಮ್ಮಿ ಹೇಳುತ್ತೆ. ಡೀಸೆಲ್ ಸುಮ್ನೆ ಓಡ್ತಾನೇ ಇರುತ್ತೆ, ಹೆಡ್‌ಲೈಟ್ ಕೆಂಪಗಾಗೋವರೆಗೂ ಗೊತ್ತಾಗಲ್ಲ. ಪ್ಯೂಜೋ ಇಂಜಿನ್ನಿಗೆ ಬೆಳಿಗ್ಗೆ ಒಳಗಿನ ಹೀಟರ್ (ಗ್ಲೋ ಪ್ಲಗ್) ಬಿಸಿಯಾಗೋಕೆ ಬ್ಯಾಟರಿ ಬೇಕು. ಡಿಸೆಂಬರ್ ಚಳೀಲಿ ಇಳಿಜಾರಲ್ಲಿ ಬಿಟ್ಟು ನೋಡಿ, ಬುಡಕ್ಕೆ ಹೋಗಿ ನಿಲ್ಲುತ್ತೆ. ಆಮೇಲೆ ಮೇಲಕ್ಕೆ ತಳ್ಳೋರು ಯಾರು?

ತೋಟದಮನೆ
ನಮ್ಮಲ್ಲಿ ಜನ ಇದ್ದಾರೆ.

ಇಸಿ ಹುಡುಗ
ಒಂದು ವಿಷಯ ಇಬ್ಬರೂ ಬಿಡ್ತಿದೀರ. ಆಲ್ಟರ್ನೇಟರ್ ಒಮ್ಮೆ ಎದ್ದ ಮೇಲೆ ತನ್ನ ರೋಟರಿಗೆ ಕರೆಂಟ್ ತಾನೇ ಕೊಟ್ಕೊಳ್ಳುತ್ತೆ. ಹಾಗಾಗಿ ತೋಟದಮನೆ ಸಾರ್ ಹೇಳಿದ ರೇಸ್ ವಿಷಯ ಸುಳ್ಳಲ್ಲ. ಎಲ್‌ಇಡಿ ಹಾಕಿದ್ರೂ ಎಷ್ಟೋ ಗಾಡಿಗಳಲ್ಲಿ ಆಗೋದು ಅದೇ, ಐಡಲಲ್ಲಿ ಏಳಲ್ಲ, ರೇಸ್ ಕೊಟ್ರೆ ಏಳುತ್ತೆ.

ತೋಟದಮನೆ
"ಸುಳ್ಳಲ್ಲ." ಓದಿದ ಹುಡುಗ ಹೇಳಿದಾನೆ, ಎಲ್ಲರೂ ನೋಡ್ಕೊಳ್ಳಿ.

ಹಾಸನ ವೈರಿಂಗ್
"ಐಡಲಲ್ಲಿ ಏಳಲ್ಲ." ಓದಿದ ಹುಡುಗ ಹೇಳಿದಾನೆ, ಎಲ್ಲರೂ ನೋಡ್ಕೊಳ್ಳಿ.

ಇಸಿ ಹುಡುಗ
ನಾನು ಹೊರಟೆ.

ಪದ್ಮಿನಿ ಪ್ರಿಯ
ಹಳದಿ ಛಾಯೆಯದ್ದು ಬಿಳಿಗಿಂತ ವಾಸಿ. ಹಾಕಿ ಅಂತ ನಾನು ಹೇಳ್ತಿಲ್ಲ, ಹಾಕೇ ಹಾಕ್ತೀನಿ ಅಂದ್ರೆ ಅದು. ಆದ್ರೆ ತುದೀಲಿ ಮಾತ್ರ ಚಿಪ್ ಇರೋದು ತಗೋಬೇಡಿ. ಹಳೇ ಬಲ್ಬು ಸುತ್ತ ಬೆಳಗುತ್ತೆ, ಇದು ಟಾರ್ಚ್ ಥರ ನೇರಕ್ಕೆ ಹೊಡೆಯುತ್ತೆ. 40ರ ಅಂಕಿ ಮೇಲೆ ಒಂದು ಬಿಳಿ ಬೊಟ್ಟು, 80 ಕತ್ತಲು.

ಬೇಲೂರು ರಸ್ತೆ
ಇಷ್ಟು ಹೊತ್ತು ಓದ್ತಾ ಇದ್ದೆ. ಒಬ್ಬರೂ ಅರ್ಥ್ ಚೆಕ್ ಮಾಡಿ ಅನ್ನಲಿಲ್ಲವಲ್ಲ! ಹಳೇ ಜೀಪಲ್ಲಿ ಬೋರ್ಡ್ ಮಂಕಾಗೋದು ಹೆಚ್ಚಾಗಿ ಬಲ್ಬಿನ ತಪ್ಪಿಗಲ್ಲ. ಬೋರ್ಡಿನ ಮೈಯೇ ಅರ್ಥ್, ಅದರ ಸ್ಕ್ರೂ ತುಕ್ಕು ಹಿಡಿದಿದ್ರೆ ವೋಲ್ಟೇಜ್ ಅಲ್ಲೇ ಸೋರಿ ಹೋಗ್ತದೆ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಕಾಲು ಭಾಗ ಇಳಿದ್ರೆ ಬೆಳಕು ಅರ್ಧಕ್ಕೂ ಕೆಳಗೆ ಇಳೀತದೆ. ಹೋಲ್ಡರಿಗೆ ಮೀಟರ್ ಇಟ್ಟು ನೋಡಿ. 12ರ ಹತ್ರ ಬರದಿದ್ರೆ ಮರಳು ಕಾಗದ ತಗೊಳ್ಳಿ, ಎಲ್‌ಇಡಿ ಅಲ್ಲ.

ಹಾಸನ ವೈರಿಂಗ್
ಅರ್ಥ್ ಚೆಕ್ ಮಾಡೋದು ಹೇಳೋ ಮಾತಾ? ಅದು ಎಲ್ಲರಿಗೂ ಗೊತ್ತಿರೋದೇ.

ಬೇಲೂರು ರಸ್ತೆ
ಗೊತ್ತಿದ್ದವರು ಒಬ್ಬರೂ ಬರೀಲಿಲ್ಲ. ಚಾರ್ಜಿಂಗ್ ಲೈಟ್ ಬಗ್ಗೆ ಮಾತ್ರ ಪುರಾಣ.

ತೋಟದಮನೆ
ಪುರಾಣ ಶುರು ಮಾಡಿದ್ದು ನಾನಲ್ಲ.

ಆಲ್ದೂರು 540
ಭಾನುವಾರ ಬಿಚ್ಚಿದೆ. ಹೇಳ್ತೀನಿ, ಬೈಬೇಡಿ.

ಬೋರ್ಡ್ ಹೊರಗೆ ಬರಲಿಕ್ಕೆ ಸ್ಪೀಡೋಮೀಟರ್ ಕೇಬಲಿನ ತಿರುಪು ಹಿಂದಿನಿಂದ ಬಿಡಿಸ್ಬೇಕಿತ್ತು, ಅದಕ್ಕೇ ಅರ್ಧ ಗಂಟೆ ಹೋಯ್ತು, ಮೊಣಕೈ ತರಚಿತು. ಅರ್ಥ್ ಸ್ಕ್ರೂ ಹತ್ರ ಹಸಿರು ಬೂಷ್ಟು. ಅದರ ಕೆಳಗೆ ಯಾವಾಗಲೋ ಯಾರೋ ಗಾಡಿಯ ಮೈಗೆ ಪೇಂಟ್ ಹೊಡೆಯುವಾಗ ವಾಷರ್ ಮೇಲೂ ಹೊಡೆದಿದ್ದಾರೆ. ಹೋಲ್ಡರಿನಲ್ಲಿ 9.3 ವೋಲ್ಟ್ ಇತ್ತು. ಪೇಂಟ್ ಕೆರೆದು, ಬೇರೆ ಒಂದು ವೈರ್ ಎಳೆದು ಗಾಡಿಯ ಮೈಗೆ ಕಟ್ಟಿದೆ, 12.1 ಬಂತು. ಹಳೇ ಬಲ್ಬಲ್ಲೇ ಮುಳ್ಳು ಕಾಣ್ತದೆ.

ಆದ್ರೂ ಎಲ್‌ಇಡಿ ತಂದಾಗಿತ್ತು, ಹಾಗಾಗಿ ಸ್ಪೀಡೋಮೀಟರಿಗೆ ಎರಡು ಹಾಕಿದೆ, ಹಳದಿ ಛಾಯೆಯದ್ದು. ಟೆಂಪರೇಚರ್, ಫ್ಯೂಯಲ್‌ಗೆ ಹಳೇದೇ ಇದೆ. ಚಾರ್ಜಿಂಗ್ ಲೈಟ್ ಮುಟ್ಟಿಲ್ಲ. ಹೈಬೀಮಿನ ನೀಲಿ ಲೈಟಿಗೂ ಒಂದು ಹಾಕಿ ನೋಡಿದೆ, ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯ್ತು, ತೆಗೆದೆ.

ಪದ್ಮಿನಿ ಪ್ರಿಯ
ಸ್ಪೀಡೋಮೀಟರ್ ಒಂದು ಬಣ್ಣ, ಪಕ್ಕದ್ದು ಇನ್ನೊಂದು ಬಣ್ಣ. ಇದಕ್ಕಿಂತ ಟಾರ್ಚ್ ಹಿಡಿದ ಭಾವನೇ ವಾಸಿ.

ಬೇಲೂರು ರಸ್ತೆ
9.3.

ಹಾಸನ ವೈರಿಂಗ್
"ಚಾರ್ಜಿಂಗ್ ಲೈಟ್ ಮುಟ್ಟಿಲ್ಲ." ಒಳ್ಳೇದಾಯ್ತು ತಮ್ಮ. ಕೊನೆಗೆ ಯಾರ ಮಾತು ಕೇಳಿದ್ರು ಅಂತ ಗೊತ್ತಾಯ್ತಲ್ಲ.

ತೋಟದಮನೆ
ಅವನು ಮುಟ್ಟದೇ ಇದ್ದಿದ್ದು ಅದು ಉರೀತಿದೆ ಅಂತ, ನಿಮ್ಮ ಮಾತಿಗಲ್ಲ. ವೈರಿಂಗ್ ಅವರೇ, ಬರೋ ವಾರ ಹಾಸನಕ್ಕೆ ಕೆಲಸ ಇದೆ. ಬಲ್ಬ್ ಸುಟ್ಟಿರೋ ಗಾಡೀಲೇ ಬರ್ತೀನಿ. ಮೀಟರ್ ಇಟ್ಟು ನೋಡಿ, ಐಡಲಲ್ಲಿ ಎಷ್ಟು ತೋರಿಸ್ತದೆ ಅಂತ.

ಹಾಸನ ವೈರಿಂಗ್
ಬನ್ನಿ. ಆದ್ರೆ ಅಂಗಡಿ ಮುಂದೆ ಬಂದು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡ್ಬೇಕು. ರೇಸ್ ಕೊಡಂಗಿಲ್ಲ.

ತೋಟದಮನೆ
ನಿಮ್ಮ ಅಂಗಡಿ ಮುಂದೆ ಇಳಿಜಾರು ಇದ್ಯಾ?