ಡಾಪ್ಲರ್ ರಿಪೋರ್ಟಿನ ಲ್ಯಾಟಿನ್: ರಕ್ತನಾಳ ತಜ್ಞರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಸಂಜೆ 7ರಿಂದ 9ರವರೆಗೆ ನಮ್ಮ ಗುಂಪಿನ ರಕ್ತನಾಳ ಶಸ್ತ್ರಚಿಕಿತ್ಸಕಿ ಉತ್ತರ ಕೊಡ್ತಾರೆ. ವಿಷಯ ಒಂದೇ: ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ರಿಪೋರ್ಟಿನಲ್ಲಿ, ಡಾಕ್ಟರ ಚೀಟಿಯಲ್ಲಿ ಬರುವ ರಕ್ತನಾಳದ ಪದಗಳು. ಮಾತ್ರೆ ಡೋಸ್ ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ನರ್ಸಿಂಗ್ 3ನೇ ವರ್ಷ: ನಮಸ್ತೆ ಮೇಡಂ. ವ್ಯಾಸೋ, ವೀನೋ, ಆಂಜಿಯೋ, ಫ್ಲೆಬೋ ಎಲ್ಲದಕ್ಕೂ ನೋಟ್ಸಲ್ಲಿ "ರಕ್ತನಾಳ" ಅಂತಲೇ ಬರೆಸಿದ್ದಾರೆ. ಹೇಗೆ ನೆನಪಿಡೋದು?

ಡಾಕ್ಟರ್: ಎರಡು ಜೋಡಿ ಮಾಡಿಕೊಳ್ಳಿ. ಲ್ಯಾಟಿನ್ 'ವಾಸ್' ಅಂದರೆ ಪಾತ್ರೆ, ನಾಳ. ಅದೇ ಅರ್ಥದ ಗ್ರೀಕ್ ಪದದಿಂದ ಬಂದದ್ದು 'ಆಂಜಿಯೋ'. ಲ್ಯಾಟಿನ್ 'ವೇನಾ' ಅಂದರೆ ಸಿರೆ (ಹೃದಯದ ಕಡೆಗೆ ರಕ್ತ ತರುವ ನಾಳ), ಅದರ ಗ್ರೀಕ್ ಜೊತೆ 'ಫ್ಲೆಬೋ'. ಎಲ್ಲಿದೆ, ಯಾವುದಕ್ಕೆ ಸೇರಿದ್ದು ಅಂತ ಹೇಳುವಾಗ ಹೆಚ್ಚಾಗಿ ಲ್ಯಾಟಿನ್: ವ್ಯಾಸ್ಕ್ಯುಲರ್, ವೀನಸ್, ಇಂಟ್ರಾವೀನಸ್. ಉರಿಯೂತ, ಕೊಯ್ತ ಬಂದಾಗ ಹೆಚ್ಚಾಗಿ ಗ್ರೀಕ್: ಫ್ಲೆಬೈಟಿಸ್ (ಸಿರೆಯ ಉರಿಯೂತ), ಫ್ಲೆಬಾಟಮಿ (ರಕ್ತ ತೆಗೆಯಲು ಸಿರೆ ಚುಚ್ಚೋದು), ಆಂಜಿಯೋಪ್ಲಾಸ್ಟಿ (ಕಿರಿದಾದ ನಾಳ ಅಗಲಿಸೋದು). ಇದು ನಿಯಮವಲ್ಲ. ವ್ಯಾಸ್ಕ್ಯುಲೈಟಿಸ್‌ಗೆ (ರಕ್ತನಾಳದ ಉರಿಯೂತ) ತಲೆ ಲ್ಯಾಟಿನ್, ಬಾಲ ಗ್ರೀಕ್.
ಪರೀಕ್ಷೆಯಲ್ಲಿ ಕಾಲು ಜಾರೋದು ಎರಡು ಕಡೆ. ಆಂಜೈನಾಗೂ (ಹೃದಯದ ಎದೆನೋವು) ಆಂಜಿಯೋಗೂ ಸಂಬಂಧವಿಲ್ಲ; ಅದು ಲ್ಯಾಟಿನ್ 'ಆಂಗೆರೆ', ಹಿಸುಕು. ಮತ್ತೆ ವ್ಯಾಸೆಕ್ಟಮಿಯ ವ್ಯಾಸ್ ರಕ್ತನಾಳವಲ್ಲ, ವೀರ್ಯನಾಳ.

ಕಾರವಾರ ಕಡಲು: ನನ್ನ ರಿಪೋರ್ಟಲ್ಲಿ "ಡೀಪ್ ವೇನ್ಸ್ ಆರ್ ಪೇಟೆಂಟ್" ಅಂತಿದೆ. ಪೇಟೆಂಟ್ ಅಂದ್ರೆ ಹಕ್ಕುಸ್ವಾಮ್ಯ ಅಲ್ವಾ?

ಡಾಕ್ಟರ್: ಲ್ಯಾಟಿನ್ 'ಪಟೇರೆ', ತೆರೆದಿರು. ಸಿರೆಗಳು ತೆರೆದಿವೆ, ರಕ್ತ ಹರೀತಿದೆ. ಒಳ್ಳೇ ಸುದ್ದಿ.

ಹುಬ್ಬಳ್ಳಿ ಮಂದಿ: ಮೇಡಮ್ಮರ, ನಮ್ಮ ಕಾಕಾನ ಚೀಟಿಯೊಳಗ "ಕ್ಲಾಡಿಕೇಶನ್ 200 ಮೀಟರ್" ಅಂತ ಬರದಾರ್ರೀ. ಏನಿದು?

ಡಾಕ್ಟರ್: 'ಕ್ಲಾಡಿಕಾರೆ' ಅಂದರೆ ಕುಂಟು. 200 ಮೀಟರ್ ನಡೆದ ಮೇಲೆ ಮೀನಖಂಡ ಹಿಡಿದು ನಿಲ್ಲಬೇಕಾಗ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಬಿಡ್ತದೆ. ಕಾಲಿನ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಕಿರಿದಾಗಿರೋ ಲಕ್ಷಣ. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಿಸಲಿ.

ಬಿಗಿ ಸಾಕ್ಸ್ ಅಭಿಮಾನಿ: ಹುಬ್ಬಳ್ಳಿ ಅಣ್ಣ, ಕಾಕಾಗೆ ಕಂಪ್ರೆಷನ್ ಸಾಕ್ಸ್ ಹಾಕ್ಸಿ. ನಮ್ಮಮ್ಮಂಗೆ ವೆರಿಕೋಸ್‌ಗೆ ಅದ್ರಲ್ಲೇ ಆರಾಮಾಯ್ತು.

ಡಾಕ್ಟರ್: ಹಾಕಿಸಬೇಡಿ! ವೆರಿಕೋಸ್ ಸಿರೆಯ ತೊಂದರೆ, ಕಾಕಾನದು ಅಪಧಮನಿಯದು. ರಕ್ತ ಇಳಿಯೋದೇ ಕಷ್ಟವಾಗಿರೋ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಬೆರಳು ಕಪ್ಪಾಗಬಹುದು. ಮೊದಲು ಎಬಿಐ ಅಳೆಸಿ, ಅಂದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಸಂಖ್ಯೆ. 0.9ಕ್ಕಿಂತ ಕಡಿಮೆ ಇದ್ದರೆ ಅಪಧಮನಿಯ ರೋಗ ಇದೆ ಅಂತ. 0.5ಕ್ಕಿಂತ ಕಡಿಮೆ ಇದ್ದರೆ ಸಾಕ್ಸಿನ ಹೆಸರೇ ಎತ್ತಬೇಡಿ.

ದಾವಣಗೆರೆ ಬೆಣ್ಣೆ: ವೆರಿಕೋಸ್, ವೆರಿಕೋಸಿಲ್, ವೆರಿಸಸ್ ಮೂರೂ ಒಂದೇನಾ ಮೇಡಂ? "ಪರ್ಫರೇಟರ್ ಇನ್‌ಕಾಂಪಿಟೆಂಟ್" ಅಂದ್ರೇನು?

ಡಾಕ್ಟರ್: ಬೇರು ಒಂದೇ, 'ವಾರಿಕ್ಸ್', ಉಬ್ಬಿದ ಸಿರೆ. ಜಾಗ ಬೇರೆ. ಕಾಲಲ್ಲಿ ವೆರಿಕೋಸ್, ವೃಷಣದ ಮೇಲೆ ವೆರಿಕೋಸಿಲ್. ವೆರಿಸಸ್ ಬಹುವಚನ, ರಿಪೋರ್ಟಲ್ಲಿ ಹೆಚ್ಚಾಗಿ ಅನ್ನನಾಳದ್ದು, ಲಿವರ್ ಗಟ್ಟಿಯಾದವರಿಗೆ ಬರ್ತದೆ. ಅದು ಒಡೆದರೆ ರಕ್ತವಾಂತಿ. ಆಗ ಗುಂಪಲ್ಲಿ ಕೇಳ್ತಾ ಕೂರಬೇಡಿ.

ಮಂಡ್ಯ ಮೇಷ್ಟ್ರು: ಇಷ್ಟೆಲ್ಲ ಲ್ಯಾಟಿನ್ ಯಾಕೆ? ಅಪಧಮನಿ, ಅಭಿಧಮನಿ (ಸಿರೆ), ಲೋಮನಾಳ (ಕ್ಯಾಪಿಲರಿ, ಅತಿ ಸಣ್ಣ ನಾಳ) ಅಂತ ಹೈಸ್ಕೂಲು ಪುಸ್ತಕದಲ್ಲೇ ಇದೆ. 'ಅಪ' ಹೃದಯದಿಂದ ಆಚೆಗೆ, 'ಅಭಿ' ಹೃದಯದ ಕಡೆಗೆ. ಹೆಸರಲ್ಲೇ ದಿಕ್ಕು. ಲ್ಯಾಟಿನ್‌ನಲ್ಲಿ ಈ ಅನುಕೂಲ ಇದೆಯೇ?

ಅನುವಾದಕಿ: ಅಪ, ಅಭಿ ಒಂದಕ್ಷರದ ವ್ಯತ್ಯಾಸ ಮೇಷ್ಟ್ರೇ. ಫೋನಲ್ಲಿ ಹೇಳಿದರೆ ಕೇಳಿಸೋದೇ ಇಲ್ಲ. ಇನ್ನು 'ಲೋಮನಾಳ' ಲ್ಯಾಟಿನ್ನಿನ ಪಡಿಯಚ್ಚು. ಕ್ಯಾಪಿಲರಿಯ ಬೇರು 'ಕಾಪಿಲ್ಲುಸ್' ಅಂದರೆ ಕೂದಲು, ಲೋಮ.

ಮಂಡ್ಯ ಮೇಷ್ಟ್ರು: 'ಧಮನಿ' ಯಾರ ಪಡಿಯಚ್ಚೂ ಅಲ್ಲ. ಸಂಸ್ಕೃತದ 'ಧಮ್', ಊದು. ಊದುವ ಕೊಳವೆ.

ಅನುವಾದಕಿ: ಹಾಗಾದರೆ ಎರಡೂ ಕಡೆ ಗಾಳಿಯೇ. ಲ್ಯಾಟಿನ್ 'ಆರ್ಟೇರಿಯಾ' ಗ್ರೀಕಿನಿಂದ ಬಂದದ್ದು, ಮೊದಲು ಶ್ವಾಸನಾಳಕ್ಕೂ ಅದೇ ಹೆಸರು. ಹೆಣ ಸೀಳಿದಾಗ ಆ ಕೊಳವೆಗಳು ಖಾಲಿ ಕಂಡವು, ಒಳಗೆ ಗಾಳಿ ಇರ್ತದೆ ಅಂದುಕೊಂಡರು. ರಕ್ತವೇ ಇರೋದು ಅಂತ ಪ್ರಯೋಗ ಮಾಡಿ ತೋರಿಸಿದವನು ಪ್ರಾಚೀನ ಗ್ರೀಕ್ ವೈದ್ಯ ಗೇಲನ್.

ಮಂಡ್ಯ ಮೇಷ್ಟ್ರು: ಜನ ಆಡೋದು ಇವೆರಡೂ ಅಲ್ಲ ಬಿಡಿ, 'ನರ'. ನರ ಉಬ್ಬಿದೆ, ನರಕ್ಕೆ ಇಂಜೆಕ್ಷನ್. ಸಿರೆ ಯಾವುದು, ನರ ಯಾವುದು ಅನ್ನೋ ಗೊತ್ತುಗುರಿ ಇಲ್ಲ.

ಅನುವಾದಕಿ: ಲ್ಯಾಟಿನ್ನಿನವರೂ ಅಷ್ಟೇ. 'ನೆರ್ವುಸ್' ಅಂದರೆ ಸ್ನಾಯುರಜ್ಜುವೂ ಹೌದು, ನರವೂ ಹೌದು. ನಮ್ಮವರನ್ನೇ ಯಾಕೆ ಬೈತೀರಿ?

ತಿಪಟೂರು ತೆಂಗು: ಮೇಡಂ ಅರ್ಜೆಂಟ್. ಅಪ್ಪಂಗೆ 62. ನಾಲ್ಕು ದಿನದಿಂದ ಎಡಗಾಲು ತೊಡೆವರೆಗೂ ಬಾತಿದೆ. ಬೆಳಿಗ್ಗೆ ಸ್ಕ್ಯಾನ್ ಆಯ್ತು: "ಲೆಫ್ಟ್ ಸೂಪರ್‌ಫಿಷಿಯಲ್ ಫೆಮೋರಲ್ ವೇನ್ ನಾನ್‌ಕಂಪ್ರೆಸಿಬಲ್, ತ್ರಾಂಬಸ್". ಸೂಪರ್‌ಫಿಷಿಯಲ್ ಅಂದ್ರೆ ಮೇಲ್ಮೈ ತಾನೆ, ಭಯ ಇಲ್ಲ ಅಂತ ಮಾವ ಹರಳೆಣ್ಣೆ ತಿಕ್ಕಿ ಬಿಸಿನೀರು ಶಾಖ ಕೊಡ್ತಿದ್ದಾರೆ.

ಡಾಕ್ಟರ್: ಉಳಿದವರೆಲ್ಲ ತಡೀರಿ. ತಿಪಟೂರು, ತಿಕ್ಕೋದು ಈ ಕ್ಷಣ ನಿಲ್ಲಿಸಿ.
ಆ ಸಿರೆ ಮೇಲ್ಮೈಯಲ್ಲಿ ಇಲ್ಲ. 'ಸೂಪರ್' ಮೇಲೆ, 'ಫಾಕಿಯೆಸ್' ಮುಖ, ಪದದ ಅರ್ಥವೇನೋ ಸರಿ. ಇಟ್ಟ ಜಾಗ ತಪ್ಪು. ತೊಡೆಸಂದಿನ ಕೆಳಗೆ ದೊಡ್ಡ ಅಪಧಮನಿ ಎರಡು ಕವಲಾಗ್ತದೆ. ಒಳಕ್ಕೆ ಇಳಿದದ್ದು 'ಪ್ರೊಫುಂಡಾ', ಆಳದ್ದು. ಅದಕ್ಕೆ ಹೋಲಿಸಿ ಇನ್ನೊಂದನ್ನು 'ಮೇಲಿನದು' ಅಂದರು. ಆ ಹೆಸರೇ ಪಕ್ಕದಲ್ಲಿ ಹೋಗೋ ಸಿರೆಗೂ ಅಂಟಿಕೊಂಡಿತು. ಆದರೆ ಆ ಸಿರೆ ಮಾಂಸಖಂಡಗಳ ನಡುವೆ ಹೋಗುವ ಆಳದ ಸಿರೆ. ನಿಜವಾದ ಮೇಲ್ಮೈ ಸಿರೆಗಳು ಚರ್ಮದಡಿಯ ಸಫೀನಸ್ ಸಿರೆಗಳು. ಹೆಸರು ನೋಡಿ ವೈದ್ಯರೇ ಮೋಸ ಹೋಗ್ತಿದ್ದರು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1995ರಲ್ಲೇ ಇದನ್ನು ಪ್ರಾಣಕ್ಕೆ ಎರವಾಗಬಲ್ಲ ತಪ್ಪು ಹೆಸರು ಅಂತ ಎಚ್ಚರಿಸಿತು. 2001ರಲ್ಲಿ ರೋಮ್‌ನಲ್ಲಿ ತಜ್ಞರು ಸೇರಿ ಕಾಲಿನ ಸಿರೆಗಳ ಹೆಸರು ಸರಿಮಾಡಿದಾಗ ಬರೀ 'ಫೆಮೋರಲ್ ವೇನ್' ಸಾಕು ಅಂದರು. ಕೆಲವು ಸ್ಕ್ಯಾನ್ ಸೆಂಟರಿನವರು ಈಗಲೂ ಹಳೇದನ್ನೇ ಟೈಪ್ ಮಾಡ್ತಾರೆ.
ನಾನ್‌ಕಂಪ್ರೆಸಿಬಲ್ ಅಂದರೆ, ಸ್ಕ್ಯಾನ್ ಮಾಡೋ ಪ್ರೋಬಿನಿಂದ ಒತ್ತಿದಾಗ ಆರೋಗ್ಯವಂತ ಸಿರೆ ಚಪ್ಪಟೆಯಾಗಿ ಮುಚ್ಚಿಕೊಳ್ಳಬೇಕು. ಒಳಗೆ ಹೆಪ್ಪು (ತ್ರಾಂಬಸ್) ಇದ್ದರೆ ಗುಂಡಗೇ ನಿಲ್ಲುತ್ತೆ. ನಿಮ್ಮ ತಂದೆಯದು ಡೀಪ್ ವೇನ್ ತ್ರಾಂಬೋಸಿಸ್, ಡಿವಿಟಿ. ಆ ಹೆಪ್ಪಿನ ಚೂರು ಕಿತ್ತು ಮೇಲೆ ಹೋದರೆ ಹೃದಯ ದಾಟಿ ಶ್ವಾಸಕೋಶಕ್ಕೆ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತೆ. ತಿಕ್ಕೋದು ಅದಕ್ಕೆ ದಾರಿ ಮಾಡಿಕೊಟ್ಟಂತೆ.
ಈಗಲೇ ಎಮರ್ಜೆನ್ಸಿಗೆ ಹೋಗಿ, ಬೆಳಿಗ್ಗೆ ಅನ್ನಬೇಡಿ. ರಿಪೋರ್ಟು, ದಿನಾ ನುಂಗೋ ಮಾತ್ರೆಗಳೆಲ್ಲ ಜೊತೆಗಿರಲಿ. ಹಿಂದೆ ಹೊಟ್ಟೆಹುಣ್ಣು, ರಕ್ತಸ್ರಾವ, ಕಿಡ್ನಿ ತೊಂದರೆ ಇದ್ದಿದ್ದರೆ ಮೊದಲೇ ಹೇಳಿ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪ್ಲೇಟ್‌ಲೆಟ್ (ಹೆಪ್ಪುಗಟ್ಟಿಸುವ ರಕ್ತಕಣ) ನೋಡಿ ಹೆಪ್ಪು ಬೆಳೆಯದ ಔಷಧಿ ಶುರು ಮಾಡ್ತಾರೆ, ಕನಿಷ್ಠ 3 ತಿಂಗಳು. ಬಾವು ಇಳೀತು ಅಂತ ನಡುವೆ ಬಿಡಬಾರದು. ಏದುಸಿರು, ಎದೆನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳೋದು, ಯಾವುದು ಕಂಡರೂ 108.

ತಿಪಟೂರು ತೆಂಗು: ಹೊರಟ್ವಿ ಮೇಡಂ.

ಮನೆಮದ್ದು ಪ್ರಿಯ: ಹೆದರಿಸಬೇಡಿ ಮೇಡಂ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ಸೈಡರ್ ವಿನೆಗರ್ ಒಂದೊಂದು ಕಪ್ ಕುದಿಸಿ, ಮೂರು ಕಪ್ ಜೇನು ಬೆರೆಸಿ ಕುಡಿದರೆ ಎಂಥ ಬ್ಲಾಕೇಜೂ ಕರಗುತ್ತೆ. 10 ಜನಕ್ಕೆ ಕಳಿಸಿ.

ಡಾಕ್ಟರ್: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಇದೆ. ಬ್ಲಾಕೇಜ್ ಸಿಂಕ್ ಪೈಪಿನ ಜಿಡ್ಡಲ್ಲ, ಹುಳಿ ಸುರಿದು ತೊಳೆಯೋದಕ್ಕೆ. ನಾಳ ಕಟ್ಟಿಸುವ ಕೊಬ್ಬಿನ ಗಡ್ಡೆಗೆ ಅಥೆರೋಮಾ ಅಂತಾರೆ, ಆ ಪದದ ಗ್ರೀಕ್ ಬೇರಿಗೆ ಅರ್ಥ ಅಂಬಲಿ. ಆ ಅಂಬಲಿ ತುಂಬಿಕೊಂಡಿರೋದು ನಾಳದ ಗೋಡೆಯ ಒಳಗೆ, ಮೇಲೆ ಪೊರೆ ಮುಚ್ಚಿರ್ತದೆ. ನೀವು ಕುಡಿದ ನಿಂಬೆರಸ ಅಲ್ಲಿಗೆ ಹೋಗೋದೇ ಇಲ್ಲ. ವಾರ್ಫರಿನ್ (ಹೆಪ್ಪು ತಡೆಯೋ ಮಾತ್ರೆ) ನುಂಗೋರು ಈ ಬೆಳ್ಳುಳ್ಳಿ ಕಷಾಯ ಲೋಟಗಟ್ಟಲೆ ಕುಡಿದರೆ ರಕ್ತಸ್ರಾವದ ಅಪಾಯ. ಇನ್ನೊಮ್ಮೆ ಹಾಕಬೇಡಿ.

ಮನೆಮದ್ದು ಪ್ರಿಯ: ಎಲ್ಲಾ ಸ್ಟೆಂಟ್ (ನಾಳ ತೆರೆದಿಡೋ ಜಾಲರಿ ಕೊಳವೆ) ಕಂಪನಿಗಳ ಆಟ. ಸ್ಟೆಂಟೂ ಲ್ಯಾಟಿನ್ನೇ ಇರಬೇಕು, ದುಡ್ಡು ಅಂತ ಅರ್ಥ.

ಅನುವಾದಕಿ: ಅಲ್ಲ. ಚಾರ್ಲ್ಸ್ ಸ್ಟೆಂಟ್ ಅಂತ 19ನೇ ಶತಮಾನದ ಇಂಗ್ಲಿಷ್ ದಂತವೈದ್ಯ, ಹಲ್ಲಿನ ಅಚ್ಚು ತೆಗೆಯೋ ವಸ್ತು ಮಾಡಿದವನು. ಅವನ ಹೆಸರಿಂದ ಬಂತು ಅನ್ನೋದು ಬಹುಜನ ಒಪ್ಪಿದ ಮಾತು.

ಮಂಡ್ಯ ಮೇಷ್ಟ್ರು: ಕನ್ನಡದ ಹೆಸರು ಕೊಟ್ಟಿದ್ದರೆ ಆ ತಂದೆಗೆ ಈ ಗತಿ ಬರ್ತಿತ್ತೇ?

ಡಾಕ್ಟರ್: ಕನ್ನಡದಲ್ಲಿ 'ಮೇಲ್ಮೈ ತೊಡೆಸಿರೆ' ಅಂತ ಅನುವಾದ ಮಾಡಿದ್ದರೂ ಇದೇ ಗತಿ. ತಪ್ಪು ಹೆಸರು ಯಾವ ಭಾಷೆಯಲ್ಲಿದ್ದರೂ ತಪ್ಪೇ.

ಮಂಡ್ಯ ಮೇಷ್ಟ್ರು: ನೀವು ಹೀಗೆ ಮಾತಾಡಿದರೆ ನಾನು ಗುಂಪಲ್ಲಿ ಇರಲ್ಲ.

ಕಾರವಾರ ಕಡಲು: ಮೇಡಂ, ಪೇಟೆಂಟ್ ಅಂದ್ರೆ ಆಪರೇಷನ್ ಬೇಕಾಗುತ್ತಾ?

ಡಾಕ್ಟರ್: ಮೇಲೆ ಓದಿ.

ಕೋಲಾರ ಚಿನ್ನ: ನನ್ನದೂ ಪೇಟೆಂಟ್ ಅಂತಿದೆ, ಭಯ ಆಗ್ತಿದೆ...

ಡಾಕ್ಟರ್: ತೆರೆದಿದೆ. ತೆರೆದಿದೆ. ತೆರೆದಿದೆ.

ಅಡ್ಮಿನ್: 9 ಗಂಟೆ ಆಯ್ತು. ಮೇಷ್ಟ್ರೇ, ಮೇಡಂ ಬಗ್ಗೆ ಹಾಕಿದ ಕೊನೇ ಎರಡು ಮೆಸೇಜ್ ಅಳಿಸಿದ್ದೇನೆ.

ತಿಪಟೂರು ತೆಂಗು: ಮೇಡಂ, ಇಲ್ಲಿ ಡ್ಯೂಟಿಯಲ್ಲಿರೋರು ರಿಪೋರ್ಟ್ ನೋಡಿ "ಸೂಪರ್‌ಫಿಷಿಯಲ್ ತಾನೆ, ನಾಳೆ ಓಪಿಡಿಗೆ ಬನ್ನಿ" ಅಂದ್ರು.

ಡಾಕ್ಟರ್: ಮನೆಗೆ ಹೋಗಬೇಡಿ, ಅಲ್ಲೇ ಕೂತಿರಿ. "ಫೆಮೋರಲ್ ವೇನ್, ನಾನ್‌ಕಂಪ್ರೆಸಿಬಲ್, ತೊಡೆವರೆಗೆ ಬಾವು, ಡಿವಿಟಿ" ಇಷ್ಟೇ ಹೇಳಿ. ಆ ಇನ್ನೊಂದು ಪದ ಬಾಯಿಗೆ ತರಬೇಡಿ. ನಿಮ್ಮ ನಂಬರ್ ಅಡ್ಮಿನ್‌ಗೆ ಕಳಿಸಿ, ನಾನೇ ಫೋನ್ ಮಾಡ್ತೀನಿ. ಎತ್ತಿ ಅವರ ಕೈಗೆ ಕೊಡಿ.

ದಾವಣಗೆರೆ ಬೆಣ್ಣೆ: ಮೇಡಂ, ಪರ್ಫರೇಟರ್ ಅಂದ್ರೆ ಹೇಳಲೇ ಇಲ್ಲ?