ಲೀಸ್ಡ್ ಲೈನ್ ಸರಿಯಿದ್ದರೂ ಐಎಸ್‌ಡಿಎನ್ ಬ್ಯಾಕಪ್ ಕರೆ ಕಡಿತವಾಗುತ್ತಿಲ್ಲ

ಪ್ರಶ್ನೆ:

ಹಾಸನದ ನಮ್ಮ ಶಾಖೆಗೂ ಬೆಂಗಳೂರಿನ ಕೇಂದ್ರ ಕಚೇರಿಗೂ ನಡುವೆ 64 ಕೆಬಿಪಿಎಸ್ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ, ಸದಾ ತೆರೆದಿರುವ ಮೀಸಲು ಸಂಪರ್ಕ) ಇದೆ. ಅದು ಕೈಕೊಟ್ಟಾಗ ಮಾತ್ರ ಬಳಸಲೆಂದು ಐಎಸ್‌ಡಿಎನ್ ಬಿಆರ್‌ಐ (ದೂರವಾಣಿ ಜಾಲದಲ್ಲಿ ಕರೆ ಮಾಡಿ ಕೂಡುವ ಡಿಜಿಟಲ್) ಸಂಪರ್ಕವನ್ನೂ ಇಟ್ಟುಕೊಂಡಿದ್ದೇವೆ. ಎರಡೂ ತುದಿಗಳಲ್ಲಿ ಸಿಸ್ಕೊ ರೌಟರ್‌ಗಳಿದ್ದು, ಎರಡೂ ಸಂಪರ್ಕಗಳ ಮೇಲೆ ಓಎಸ್‌ಪಿಎಫ್ (ರೌಟರ್‌ಗಳು ಪರಸ್ಪರ ಮಾರ್ಗಗಳನ್ನು ತಿಳಿಸಿಕೊಳ್ಳುವ ಪ್ರೋಟೋಕಾಲ್) ನಡೆಯುತ್ತಿದೆ. ಶಾಖೆ ಮುಚ್ಚಿ, ಒಂದು ಕಂಪ್ಯೂಟರೂ ಚಾಲನೆಯಲ್ಲಿಲ್ಲದ ರಾತ್ರಿಯಲ್ಲೂ ಐಎಸ್‌ಡಿಎನ್ ಕರೆ ಕಡಿತವಾಗುವುದಿಲ್ಲ. ನಾವಾಗಿ ಕಡಿದರೆ ಕೆಲವೇ ಕ್ಷಣಗಳಲ್ಲಿ ಮತ್ತೆ ಕರೆ ಹೋಗುತ್ತದೆ. ಕರೆಯ ಅವಧಿಗೆ ತಕ್ಕಂತೆ ಶುಲ್ಕ ಬೀಳುವುದರಿಂದ ಬಿಲ್ಲು ವಿಪರೀತವಾಗಿದೆ. ಯಾವ ಪ್ಯಾಕೆಟ್‌ಗಾಗಿ ಕರೆ ಮಾಡಬಹುದೆಂದು ಹೇಳುವ ಡಯಲರ್-ಲಿಸ್ಟ್‌ನಲ್ಲಿ ಐಪಿಗೆ ಪೂರ್ತಿ ಅನುಮತಿ ಇದೆ. ಅಲ್ಲಿ ಓಎಸ್‌ಪಿಎಫ್ ಅನ್ನು ನಿರಾಕರಿಸಿದರೆ ಸಾಕೇ, ಅಥವಾ ಬ್ಯಾಕಪ್ ಮಾರ್ಗವೇ ಕೆಟ್ಟುಹೋಗುತ್ತದೆಯೇ?

ಉತ್ತರ 1:

ಕರೆ ನಡೆಯುತ್ತಿರುವಾಗಲೇ ಶೋ ಡಯಲರ್ ಆಜ್ಞೆ ಕೊಟ್ಟು, ಕರೆಗೆ ಕಾರಣವನ್ನು ತೋರಿಸುವ ಸಾಲನ್ನು ನೋಡಿರಿ. ಅಲ್ಲಿ ಗಮ್ಯ ವಿಳಾಸ 224.0.0.5 ಎಂದಿದ್ದರೆ, ಕರೆ ಮಾಡಿಸಿದ್ದು ಓಎಸ್‌ಪಿಎಫ್‌ನ ಹಲೋ ಪ್ಯಾಕೆಟ್, ಅಂದರೆ ತಾನಿದ್ದೇನೆಂದು ನೆರೆಯ ರೌಟರ್‌ಗೆ ತಿಳಿಸುವ ಸಂದೇಶ. ಪಾಯಿಂಟ್-ಟು-ಪಾಯಿಂಟ್ ಸಂಪರ್ಕದಲ್ಲಿ ಅದು 10 ಸೆಕೆಂಡಿಗೊಮ್ಮೆ ಹೊರಡುತ್ತದೆ. ಡಯಲರ್‌ನ ಐಡಲ್ ಟೈಮರ್ (ಬಳಕೆಯಿಲ್ಲದ ಕರೆಯನ್ನು ಕಡಿಯುವ ಗಡುವು), ನೀವು ಬದಲಿಸದಿದ್ದರೆ, 120 ಸೆಕೆಂಡು. ಪ್ರತಿ ಹಲೋಗೂ ಟೈಮರ್ ಮೊದಲಿನಿಂದ ಎಣಿಸತೊಡಗುವುದರಿಂದ ಅದು ಎಂದಿಗೂ ಸೊನ್ನೆ ಮುಟ್ಟದು.

ಡಯಲರ್-ಲಿಸ್ಟ್ ಯಾವ ಪ್ಯಾಕೆಟ್ ಸಾಗಬೇಕೆಂದು ನಿರ್ಧರಿಸುವುದಿಲ್ಲ. ಯಾವುದು ಕರೆ ಮಾಡಿಸಬಹುದು, ಯಾವುದು ಟೈಮರನ್ನು ಮೊದಲಿನಿಂದ ಎಣಿಸುವಂತೆ ಮಾಡಬಹುದು ಎಂಬುದನ್ನಷ್ಟೇ ನಿರ್ಧರಿಸುತ್ತದೆ. ಹೀಗಾಗಿ ಓಎಸ್‌ಪಿಎಫ್ ನಿರಾಕರಿಸಿದರೆ ಬಿಲ್ಲು ಇಳಿಯುತ್ತದೆ. ಆದರೆ ಕರೆ ಕಡಿದ ಮೇಲೆ, ಹಲೋ ಕಾಣದೆ 40 ಸೆಕೆಂಡು ಕಳೆದರೆ, ಆಚೆಯ ರೌಟರ್ ಇಲ್ಲವೆಂದೇ ಓಎಸ್‌ಪಿಎಫ್ ಬಗೆಯುತ್ತದೆ. ಆಮೇಲೆ ಲೀಸ್ಡ್ ಲೈನ್ ಬಿದ್ದಾಗ ಡಯಲರ್‌ನತ್ತ ಒಯ್ಯುವ ಮಾರ್ಗವೇ ಇರುವುದಿಲ್ಲ. ಆದ್ದರಿಂದ ಎರಡೂ ತುದಿಗಳಲ್ಲಿ ಡಯಲರ್ ಮೂಲಕ ಒಂದು ಸ್ಟ್ಯಾಟಿಕ್ (ಕೈಯಾರೆ ಬರೆದ) ಮಾರ್ಗವನ್ನು 200 ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಆದ್ಯತೆಯ ಅಂಕ; ಕಡಿಮೆಯಿದ್ದ ಮಾರ್ಗವೇ ಮೊದಲು) ಕೊಟ್ಟು ಬರೆಯಿರಿ. ಓಎಸ್‌ಪಿಎಫ್‌ನದು 110 ಆದುದರಿಂದ, ಲೀಸ್ಡ್ ಲೈನಿನ ಮಾರ್ಗ ಇರುವವರೆಗೆ ಇದು ಕೋಷ್ಟಕಕ್ಕೆ ಬರುವುದಿಲ್ಲ. ಒಂದೇ ಶಾಖೆಯಾದರೆ ಡಯಲರ್ ಮೇಲೆ ಓಎಸ್‌ಪಿಎಫ್‌ನ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:

ಶಾಖೆಗಳು ಹೆಚ್ಚಿದಂತೆ ಸ್ಟ್ಯಾಟಿಕ್ ಮಾರ್ಗಗಳನ್ನು ಸಂಭಾಳಿಸುವುದೇ ಒಂದು ಕೆಲಸವಾಗುತ್ತದೆ. ಈ ತೊಂದರೆಗೆಂದೇ 1995ರ ಆರ್‌ಎಫ್‌ಸಿ 1793 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಲ್ಲಿ ಡಿಮಾಂಡ್ ಸರ್ಕ್ಯೂಟ್ ವ್ಯವಸ್ಥೆಯನ್ನು ರೂಪಿಸಲಾಗಿದೆ. ಒಂದು ತುದಿಯ ಇಂಟರ್‌ಫೇಸ್‌ನಲ್ಲಿ ಐಪಿ ಓಎಸ್‌ಪಿಎಫ್ ಡಿಮಾಂಡ್-ಸರ್ಕ್ಯೂಟ್ ಎಂದು ಕೊಟ್ಟರೆ ಸಾಕು. ನೆರೆತನ ಒಮ್ಮೆ ಕೂಡಿದ ಮೇಲೆ ಹಲೋಗಳು ನಿಲ್ಲುತ್ತವೆ, 30 ನಿಮಿಷಕ್ಕೊಮ್ಮೆ ನಡೆಯುವ ಎಲ್‌ಎಸ್‌ಎ (ಸಂಪರ್ಕಗಳ ಸ್ಥಿತಿ ತಿಳಿಸುವ ಸಂದೇಶ) ನವೀಕರಣವೂ ಆ ದಾರಿಯಲ್ಲಿ ಹೋಗುವುದಿಲ್ಲ. ನೆಟ್‌ವರ್ಕ್ ಟೈಪ್ ಬ್ರಾಡ್‌ಕಾಸ್ಟ್ ಎಂದಿದ್ದರೆ ಮಾತ್ರ ಹಲೋ ನಿಲ್ಲದು.

ಕಾಸ್ಟ್ (ಮಾರ್ಗ ಆರಿಸಲು ಓಎಸ್‌ಪಿಎಫ್ ನೋಡುವ ಅಂಕ; ಕಡಿಮೆಯಿದ್ದುದಕ್ಕೆ ಆದ್ಯತೆ) ಕೂಡ ನೋಡಿಕೊಳ್ಳಿ. ಲೀಸ್ಡ್ ಲೈನಿಗೆ ಬ್ಯಾಂಡ್‌ವಿಡ್ತ್ 64 ಎಂದು ಬರೆದಿದ್ದರೆ ಅದರ ಕಾಸ್ಟ್ 1562; ಬಿಆರ್‌ಐ ಇಂಟರ್‌ಫೇಸಿನದೂ ಮೂಲತಃ ಅಷ್ಟೇ. ಸಮಾನವಾದರೆ ದತ್ತಾಂಶ ಎರಡೂ ಕಡೆ ಹಂಚಿಹೋಗುತ್ತದೆ.

ಪ್ರಶ್ನೆ ಕೇಳಿದವರು:

ಕಾರಣದ ಸಾಲಿನಲ್ಲಿ 224.0.0.5 ಇತ್ತು. ಡಿಮಾಂಡ್ ಸರ್ಕ್ಯೂಟ್ ಹಾಕಿ, ಐಎಸ್‌ಡಿಎನ್ ಕಾಸ್ಟ್ ಏರಿಸಿದ ಮೇಲೆ ಕರೆ ಕಡಿತವಾಗುತ್ತಿದೆ; ಆದರೆ ಸ್ವಲ್ಪ ಹೊತ್ತಿಗೇ ಮತ್ತೆ ಎದ್ದು, ಎರಡು ನಿಮಿಷವಿದ್ದು, ಬೀಳುತ್ತದೆ. ಇದು ನಿಲ್ಲದೆ ನಡೆಯುತ್ತಿದೆ.

ಉತ್ತರ 3:

ಹಲೋ ನಿಂತರೂ ಟೊಪಾಲಜಿಯ (ಜಾಲದ ರಚನೆಯ) ಬದಲಾವಣೆ ತಿಳಿಸಲು ಓಎಸ್‌ಪಿಎಫ್ ಕರೆ ಮಾಡಿಯೇ ತೀರುತ್ತದೆ. ಅದೇ ಏರಿಯಾದಲ್ಲಿ (ಓಎಸ್‌ಪಿಎಫ್ ಜಾಲದ ವಿಭಾಗದಲ್ಲಿ) ಎಲ್ಲೋ ಒಂದು ಸಂಪರ್ಕ ಪದೇಪದೇ ಏಳುತ್ತ ಬೀಳುತ್ತಿದ್ದರೆ ಅದರ ಶುಲ್ಕವನ್ನು ನೀವು ತೆರುತ್ತೀರಿ. ಶಾಖೆಯನ್ನು ಪ್ರತ್ಯೇಕ ಸ್ಟಬ್ ಏರಿಯಾ (ಹೊರಗಿನಿಂದ ಓಎಸ್‌ಪಿಎಫ್‌ಗೆ ಬಂದ ಮಾರ್ಗಗಳನ್ನು ಒಳಬಿಡದ ವಿಭಾಗ) ಮಾಡಿದರೆ ಇದು ಬಹಳಷ್ಟು ತಗ್ಗುತ್ತದೆ. ಆದರೆ ಕರೆ ಬಿದ್ದೊಡನೆ ಏಳುವುದನ್ನು ನೋಡಿದರೆ ನನಗೆ ಬೇರೆ ಅನುಮಾನ. ಪಿಪಿಪಿ (ಕರೆಯ ಎರಡು ತುದಿಗಳನ್ನು ಬೆಸೆಯುವ ಪ್ರೋಟೋಕಾಲ್) ಕೂಡಿದಾಗ ರೌಟರ್ ಎದುರು ತುದಿಯ ವಿಳಾಸಕ್ಕೆ 32 ಬಿಟ್‌ಗಳ ಹೋಸ್ಟ್ ಮಾರ್ಗವೊಂದನ್ನು ತಾನೇ ಸೇರಿಸುತ್ತದೆ, ಕರೆ ಕಡಿದಾಗ ತೆಗೆಯುತ್ತದೆ. ಕನೆಕ್ಟೆಡ್ (ರೌಟರ್‌ಗೆ ನೇರವಾಗಿ ಕೂಡಿರುವ) ಮಾರ್ಗಗಳನ್ನು ಓಎಸ್‌ಪಿಎಫ್‌ಗೆ ರೀಡಿಸ್ಟ್ರಿಬ್ಯೂಟ್ ಮಾಡಿದ್ದರೆ, ಅಂದರೆ ಹಂಚಿದ್ದರೆ, ಆ ತೆಗೆಯುವಿಕೆಯೇ ಹೊಸ ಸುದ್ದಿ. ಸುದ್ದಿ ಮುಟ್ಟಿಸಲು ಮತ್ತೆ ಕರೆ. ಬಿಆರ್‌ಐ ಇಂಟರ್‌ಫೇಸ್‌ನಲ್ಲಿ ನೋ ಪೀರ್ ನೈಬರ್-ರೂಟ್ ಎಂದು ಕೊಡಿ, ಅಥವಾ ರೀಡಿಸ್ಟ್ರಿಬ್ಯೂಷನ್‌ಗೆ ರೂಟ್-ಮ್ಯಾಪ್ ಹಾಕಿ ಆ ಮಾರ್ಗವನ್ನು ಸೋಸಿರಿ. ಆಮೇಲೂ ಮುಂದುವರಿದರೆ, ಶೋ ಐಪಿ ಓಎಸ್‌ಪಿಎಫ್‌ನಲ್ಲಿ ಡಿಸಿ-ಬಿಟ್ (ಡಿಮಾಂಡ್ ಸರ್ಕ್ಯೂಟ್ ಅರಿತಿದ್ದೇನೆಂಬ ಗುರುತು) ಇಲ್ಲದ ಎಲ್‌ಎಸ್‌ಎಗಳ ಸಂಖ್ಯೆ ಸೊನ್ನೆಯಿದೆಯೇ ನೋಡಿ. ಡಿಮಾಂಡ್ ಸರ್ಕ್ಯೂಟ್ ಅರಿಯದ ಹಳೆಯ ರೌಟರ್ ಒಂದೇ ಒಂದು ಏರಿಯಾದಲ್ಲಿದ್ದರೂ ನವೀಕರಣಗಳು ಈ ದಾರಿಯಲ್ಲಿ ಮತ್ತೆ ಹರಿಯತೊಡಗುತ್ತವೆ.